ಎರಡನೇ ತೂತು

ಹೊಗಳುವುದು ನನ್ನ ಜಾಯಮಾನವಲ್ಲ. ಬೀಗ ರಿಪೇರಿಯವಳಿಗೆ ಅದು ಒಗ್ಗುವುದೂ ಇಲ್ಲ. ನನ್ನ ಅಂಗಡಿಗೆ ಬರುವ ವಸ್ತುಗಳೆಲ್ಲ ಕೆಟ್ಟು ಬಂದವು, ಬರುವ ಜನರೆಲ್ಲ ಕೀಲಿ ಕಳೆದುಕೊಂಡವರು. ಇಪ್ಪತ್ತೆಂಟು ವರ್ಷ ಇಂಥವರ ನಡುವೆ ಕೂತರೆ ಯಾರ ಬಾಯಿಂದಲೂ ಒಳ್ಳೆಯ ಮಾತು ಸಲೀಸಾಗಿ ಹೊರಡುವುದಿಲ್ಲ. ಆದರೆ ನಮ್ಮ ಭಾವ ಬಡಿದು ಮಾಡಿದ ಬಾನೆಟ್ಟಿನ ವಿಷಯಕ್ಕೆ ಬಂದರೆ ನನಗೆ ಬೇರೆ ಮಾತೇ ಸಿಗುವುದಿಲ್ಲ. ಅಂಥದ್ದನ್ನು ನಾನು ನೋಡಿರಲಿಲ್ಲ, ಇನ್ನು ನೋಡುವುದೂ ಇಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಾರುಗಳ ತಗಡು ಕೆಲಸ ಅವರದು. ಗುದ್ದಿಸಿಕೊಂಡು ಬಂದ ಬಾಗಿಲು, ನುಜ್ಜುಗುಜ್ಜಾದ ಮಡ್‌ಗಾರ್ಡು, ತುಕ್ಕು ತಿಂದ ಡಿಕ್ಕಿ, ಎಲ್ಲವನ್ನೂ ಬಡಿದು ಮೊದಲಿನ ಹಾಗೆ ಮಾಡಿ ಕೊಡುತ್ತಾರೆ. ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅವರು ತಗಡು ಮೇಸ್ತ್ರಿ. ಅವರ ಶೆಡ್ಡಿಗೂ ನನ್ನ ಅಂಗಡಿಗೂ ನಡುವೆ ಒಂದೇ ಗೋಡೆ. ನನ್ನನ್ನು ಅವರು ಕರೆಯುವುದು ಚಿಲಕ ಎಂದು. ಅಕ್ಕನ ಮದುವೆಯಲ್ಲಿ ನಾನು ಸಿಟ್ಟು ಮಾಡಿಕೊಂಡು ಕೋಣೆಯೊಳಗೆ ಚಿಲಕ ಹಾಕಿಕೊಂಡು ಕೂತಿದ್ದೆನಂತೆ. ಮೂವತ್ತೊಂದು ವರ್ಷವಾಯಿತು, ಆ ಹೆಸರು ಬಿಟ್ಟಿಲ್ಲ.

ಶೆಡ್ಡಿನ ಹಿಂದಿನ ಮೂಲೆಯಲ್ಲಿ, ಮದುವೆಗೂ ಮೊದಲೇ ಭಾವ ಕೊಂಡಿಟ್ಟಿದ್ದ ಒಂದು ಕಾರಿತ್ತು. ಅವರಿಗಿಂತ ವಯಸ್ಸಿನಲ್ಲಿ ಹಿರಿಯದು. ವರ್ಷಗಟ್ಟಲೆ ಅದರ ಮೇಲೆ ಗೋಣಿಚೀಲ, ಪೇಂಟ್ ಡಬ್ಬ, ಒಮ್ಮೊಮ್ಮೆ ಬೆಕ್ಕಿನ ಮರಿಗಳು. ಅಕ್ಕ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು. ಹಳೇ ಕಾರಿನ ಚಾವಣಿ ತಗ್ಗಿಸಿ, ದೊಡ್ಡ ಎಂಜಿನ್ ಕೂರಿಸಿ, ಹೊಗೆ ಎಬ್ಬಿಸಿ ಓಡಿಸುವ ಹುಚ್ಚೊಂದಿದೆಯಲ್ಲ, ಹಾಟ್ ರಾಡ್ ಅನ್ನುತ್ತಾರೆ, ಆ ಹುಚ್ಚು ಭಾವನಿಗೆ ಹರೆಯದಲ್ಲೇ ಹಿಡಿದಿತ್ತು. ಪುರಸೊತ್ತು ಸಿಕ್ಕಿದ್ದು ಮಾತ್ರ ಐವತ್ತೆಂಟಕ್ಕೆ. ಅವರು ಕೂರಿಸಿದ ಆರು ಸಿಲಿಂಡರಿನ ಎಂಜಿನ್ ಎಷ್ಟು ಎತ್ತರವಿತ್ತೆಂದರೆ ಹಳೇ ಬಾನೆಟ್ ಮುಚ್ಚಲೇ ಇಲ್ಲ, ನಾಲ್ಕು ಬೆರಳು ಮೇಲೆಯೇ ನಿಂತಿತು. ಆ ಅಳತೆಯ ಬಾನೆಟ್ ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ಕೈಯಿಂದ ಬಡಿದೇ ಮಾಡಬೇಕು.

ಹದಿನಾಲ್ಕು ತಿಂಗಳು ಬಡಿದರು. ನಾನು ಗೋಡೆಯ ಈಚೆ ಕೂತು ಕೇಳಿದೆ. ಮೊದಮೊದಲು ಮರಳಿನ ಚೀಲದ ಮೇಲೆ ಅಲ್ಯೂಮಿನಿಯಂ ತಗಡಿಟ್ಟು ಮರದ ಕೊಡತಿಯಿಂದ ಹೊಡೆಯುವ ಧಪ್ ಧಪ್. ಆಮೇಲೆ ಸಣ್ಣ ಸುತ್ತಿಗೆಯ ಟಿಣ್ ಟಿಣ್. ಕೊನೆಕೊನೆಗೆ ಎರಡೇ ಏಟು, ನಂತರ ಐದು ನಿಮಿಷ ಮೌನ. ಆ ಮೌನದಲ್ಲಿ ಭಾವ ಕಣ್ಣು ಮುಚ್ಚಿಕೊಂಡು, ಅಂಗೈ ಕೆಳಗೆ ತೆಳುವಾದ ಹತ್ತಿಬಟ್ಟೆ ಇಟ್ಟುಕೊಂಡು ತಗಡನ್ನು ಸವರುತ್ತಿರುತ್ತಾರೆ ಎಂದು ನನಗೆ ಗೊತ್ತು. ಬರಿಗೈಗೆ ತಗಡು ಸುಳ್ಳು ಹೇಳುತ್ತದಂತೆ, ಬಟ್ಟೆ ಇದ್ದರೆ ಕೂದಲೆಳೆಯಷ್ಟು ತಗ್ಗೂ ಸಿಕ್ಕಿಬೀಳುತ್ತದಂತೆ. ನಾನೂ ಒಮ್ಮೆ ಹಾಗೇ ಸವರಿ ನೋಡಿದೆ. ನೀರಿನ ಮೇಲೆ ಕೈ ಇಟ್ಟ ಹಾಗಿತ್ತು. ಎಲ್ಲ ಸರಿಯಾಗಿದೆಯಲ್ಲ ಭಾವ ಅಂದೆ. ಅವರು ನಾನು ಸವರಿದ ಜಾಗದಲ್ಲೇ ಪೆನ್ಸಿಲಿನಿಂದ ಮೂರು ಸೊನ್ನೆ ಸುತ್ತಿದರು, ಮೂರನ್ನೂ ಮತ್ತೆ ಬಡಿದರು.

ಎಂಟನೇ ತಿಂಗಳಲ್ಲಿ ಅವರ ಬಲ ಭುಜ ಕೈಕೊಟ್ಟಿತು. ನಲವತ್ತು ವರ್ಷ ಸುತ್ತಿಗೆ ಎತ್ತಿ ಒಳಗಿನ ಸ್ನಾಯು ಸವೆದು ನೂಲಾಗಿದೆ ಎಂದು ಡಾಕ್ಟರು ಚಿತ್ರ ತೋರಿಸಿ ಹೇಳಿದರಂತೆ. ಅಕ್ಕನಿಗೂ ಭಾವನಿಗೂ ಅಡಿಗೆಮನೆಯಲ್ಲಿ ದೊಡ್ಡ ಮಾತುಕತೆಯಾಗಿ, ಕೊನೆಗೆ ಒಂದು ಒಪ್ಪಂದವಾಯಿತು. ಈ ಬಾನೆಟ್ ಮುಗಿಸಬೇಕು, ಅಲ್ಲಿಗೆ ಸುತ್ತಿಗೆ ಕೆಳಗಿಡಬೇಕು. ಹಾಗಾಗಿ ನಮ್ಮೆಲ್ಲರಿಗೂ ಗೊತ್ತಿತ್ತು, ಇದು ಹಾಳಾದರೆ ಇನ್ನೊಂದು ಇಲ್ಲ.

ಮುಗಿಸಿದ ದಿನ ನನ್ನನ್ನು ಕರೆದು ತೋರಿಸಿದರು. ಇಡೀ ಬಾನೆಟ್ ಒಂದೇ ತಗಡು. ಬೆಸುಗೆ ಇಲ್ಲ, ರಿವೆಟ್ ಇಲ್ಲ. ಮುಂದಿನ ಗಾಜಿನ ಹತ್ತಿರ ಮೆಲ್ಲಗೆ ಎದ್ದ ಉಬ್ಬು ಎಂಜಿನ್ನಿನ ಮೇಲೆ ದಾಟಿ ಕಾರಿನ ಮೂಗಿನ ತನಕ ಬಂದು ಇಳಿಯುತ್ತಿತ್ತು. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ. ನಾನು ಎರಡು ಸುತ್ತು ಬಂದೆ. ತಪ್ಪು ಹುಡುಕುವುದು ನನ್ನ ಕಸುಬು, ಆ ದಿನ ಬೈಯಲು ಏನೂ ಸಿಗಲಿಲ್ಲ. ಮೂಗು ಒರೆಸಿಕೊಂಡು, ಧೂಳು ಜಾಸ್ತಿ ಇಲ್ಲಿ ಎಂದು ಹೇಳಿ ಹೊರಗೆ ಬಂದೆ.

ಇನ್ನು ಅದನ್ನು ಮುಚ್ಚಿ ಹಿಡಿದಿಡುವುದು ಹೇಗೆ ಎಂಬ ಪ್ರಶ್ನೆ. ಹಿಂಬದಿಗೆ, ಗಾಜಿನ ಹತ್ತಿರ, ಕೀಲು ಇತ್ತು. ಮುಂದೆ ಏನಾದರೂ ಹಿಡಿತ ಬೇಕಲ್ಲ. ಊರಾಚೆ ವಿಮಾನಗಳು ಬಿಟ್ಟುಹೋದ ಹಳೇ ರನ್‌ವೇ ಒಂದಿದೆ. ವರ್ಷಕ್ಕೊಂದು ಭಾನುವಾರ ಹಳೇ ಕಾರಿನ ಹುಚ್ಚರೆಲ್ಲ ಅಲ್ಲಿ ಸೇರಿ, ಒಬ್ಬೊಬ್ಬರಾಗಿ ತಮ್ಮ ಗಾಡಿಯನ್ನು ಕೊನೆ ಮುಟ್ಟುವ ತನಕ ಓಡಿಸುತ್ತಾರೆ. ಅದಕ್ಕೆ ಆರು ವಾರವಿತ್ತು. ಭಾವನ ಭುಜ ಆ ಸ್ಟೀರಿಂಗ್ ತಿರುಗಿಸಲಾರದು, ಆದ್ದರಿಂದ ಓಡಿಸುವವಳು ಅಕ್ಕ. ಅಕ್ಕ ಇಪ್ಪತ್ತಾರು ವರ್ಷದಿಂದ ಸಿಟಿ ಬಸ್ಸಿನ ಡ್ರೈವರ್. ಸವತಿಯ ಸ್ಟೀರಿಂಗ್ ಹಿಡಿಯುವ ಯೋಗ ನನಗೇ ಬಂತು ನೋಡು ಎಂದು ನಗುತ್ತಲೇ ಒಪ್ಪಿಕೊಂಡಿದ್ದಳು.

ಶೆಡ್ಡಿನ ಬೆಂಚಿನ ಮೇಲೆ ಚಹಾ ಲೋಟ ಇಟ್ಟುಕೊಂಡು ನಾವು ಮೂವರೂ ಕೂತೆವು. ನಾನು ನೋಟ್‌ಬುಕ್ಕಿನಲ್ಲಿ ಗೊತ್ತಿದ್ದ ದಾರಿಗಳನ್ನೆಲ್ಲ ಬರೆದು ತೋರಿಸಿದೆ. ಒಂದು, ಚರ್ಮದ ಪಟ್ಟಿ ಅಡ್ಡ ಹಾಕಿ ಬಕಲ್ ಬಿಗಿಯುವುದು. ಡೊಳ್ಳು ಹೊಟ್ಟೆಗೆ ಬೆಲ್ಟ್ ಕಟ್ಟಿದ ಹಾಗಿರುತ್ತೆ, ಜೊತೆಗೆ ಪಾಲಿಶ್ ಉಜ್ಜಿಹೋಗುತ್ತೆ ಎಂದರು ಭಾವ. ಟ್ರಂಕಿಗೆ ಇರುತ್ತದಲ್ಲ, ಮೇಲಿಂದ ಎಳೆದು ಮಡಚುವ ಕೊಂಡಿ, ಅಂಥದ್ದನ್ನು ಎರಡು ಪಕ್ಕಕ್ಕೂ ಹಾಕುವುದು ಇನ್ನೊಂದು ದಾರಿ. ಅದಕ್ಕೆ ರಿವೆಟ್ ಹೊಡೆಯಬೇಕು, ಬೇಡ. ಅರ್ಧ ಸುತ್ತು ತಿರುಗಿಸಿದರೆ ಕಚ್ಚಿಕೊಳ್ಳುವ ಚಪ್ಪಟೆ ಸ್ಕ್ರೂಗಳೂ ಬೇಡ, ಅವು ಮುಖದ ಮೇಲಿನ ಮೊಡವೆಯಂತೆ ಕಾಣುತ್ತವೆ. ರೇಸಿನ ಗಾಡಿಗಳಿಗೆ ಹಾಕುವ ಪಿನ್ನುಗಳ ಬಗ್ಗೆ ಹೇಳಿದೆ. ಕೆಳಗಿನ ಚೌಕಟ್ಟಿನಿಂದ ಎರಡು ಗೂಟ ಬಾನೆಟ್ಟನ್ನು ತೂರಿ ಮೇಲೆ ಬರುತ್ತವೆ, ಅವುಗಳ ಕುತ್ತಿಗೆಗೆ ಅಡ್ಡ ಒಂದೊಂದು ಕ್ಲಿಪ್ಪು. ಸರಳ, ಗಟ್ಟಿ. ಆದರೆ ಎರಡು ತೂತು ಬೇಕು.

ಅಕ್ಕ ಅದನ್ನೇ ಹಿಡಿದಳು. ಹಿಂದೊಮ್ಮೆ ಅವಳ ಬಸ್ಸಿನ ಮುಂದೆ ಹೋಗುತ್ತಿದ್ದ ಕಾರಿನ ಬಾನೆಟ್ ಗಾಳಿಗೆ ಒಮ್ಮೆಲೇ ಎದ್ದು ಗಾಜಿಗೆ ಬಡಿದು, ಓಡಿಸುತ್ತಿದ್ದವನು ಕಣ್ಣಿಗೆ ಏನೂ ಕಾಣದೆ ನೇರ ಕಂಬಕ್ಕೆ ಹೋಗಿದ್ದ. ಅವನನ್ನು ಹೊರಗೆ ಎಳೆದವಳು ಇವಳೇ. ಅದನ್ನು ನಮಗೆ ಒಂದೇ ಸಲ ಹೇಳಿದ್ದಳು, ಆ ದಿನ ಮತ್ತೆ ಹೇಳಲಿಲ್ಲ.

"ಸೀಟಲ್ಲಿ ಕೂತ್ರೆ ನಂಗೆ ಕಾಣ್ಬೇಕು ರೀ, ಬಾನೆಟ್ ಹಾಕಿದೆ ಅಂತ. ಬೇರೇನೂ ಕೇಳಲ್ಲ ನಾನು."

ಭಾವ ಬಾನೆಟ್ಟಿನ ಕಡೆ ನೋಡಿದರು. ಆಮೇಲೆ ನೆಲ ನೋಡಿದರು. "ಇದಕ್ಕೆ ತೂತು ಹಾಕೋಕೆ ನನ್ನಿಂದ ಆಗಲ್ಲ ಕಣೆ," ಅಂದರು.

ಅಕ್ಕ ಗಂಡನ ಭುಜದ ಮೇಲಿದ್ದ ಮುಲಾಮು ಪಟ್ಟಿಯನ್ನು ಸ್ವಲ್ಪ ಹೊತ್ತು ನೋಡಿದಳು. ಹಟ ಹಿಡಿದರೆ ಗೆಲ್ಲುವ ಹೆಂಗಸು ಅವಳು, ಆ ದಿನ ಹಿಡಿಯಲಿಲ್ಲ. ಆಯಿತು ಬಿಡಿ, ಚಿಲಕ ಏನು ಮಾಡುತ್ತಾಳೋ ಮಾಡಲಿ ಎಂದು ಲೋಟ ತೊಳೆಯಲು ಎದ್ದಳು. ನಾನಾದರೂ ಅವಳ ಪರ ಒಂದು ಮಾತು ಆಡಬೇಕಿತ್ತು. ಆಡಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆ ತಗಡಿಗೆ ತೂತು ಬೀಳುವುದು ಬೇಡವಾಗಿತ್ತು.

ನಾನು ಮಾಡಿದ್ದು ಒಳಗಿನ ಹಿಡಿತ. ಮೂಗಿನ ಹಿಂದೆ ಅಡ್ಡಲಾಗಿ ಒಂದು ಉಕ್ಕಿನ ಪಟ್ಟಿ, ಅದರ ಎರಡು ತುದಿಗೆ ಎರಡು ಕೊಕ್ಕೆ, ಬಾಲ ಒತ್ತಿದರೆ ಬಿಟ್ಟುಕೊಳ್ಳುವಂಥವು. ಬಾನೆಟ್ಟಿನ ಒಳಮೈಗೆ ಅಂಟಿಸಿದ ಎರಡು ಬಳೆ. ಬಾನೆಟ್ ಕೆಳಗಿಳಿದರೆ ಬಳೆಗಳು ಕೊಕ್ಕೆಯೊಳಗೆ ಬಿದ್ದು ಕಚ್ಚಿಕೊಳ್ಳುತ್ತವೆ, ಡ್ಯಾಶ್‌ಬೋರ್ಡಿನ ಕೆಳಗಿನ ಹಿಡಿ ಎಳೆದರೆ ಕೇಬಲ್ ಎರಡನ್ನೂ ಒಟ್ಟಿಗೆ ಬಿಡಿಸುತ್ತದೆ, ಸ್ಪ್ರಿಂಗು ಬಾನೆಟ್ಟನ್ನು ಎರಡು ಬೆರಳು ಮೇಲೆತ್ತುತ್ತದೆ. ಹೊರಗಿನಿಂದ ನೋಡಿದರೆ ಏನೂ ಇಲ್ಲ. ಬೀಗದವಳ ಜಂಬ ನೋಡಿ, ಕಳ್ಳರು ಕೆಳಗಿನಿಂದ ಕೈ ಹಾಕಿ ಬಿಡಿಸಬಾರದೆಂದು ಆ ಪಟ್ಟಿಯನ್ನು ಮೂರು ಕಡೆಯಿಂದ ಉಕ್ಕಿನ ಹಾಳೆಯಲ್ಲಿ ಮುಚ್ಚಿಬಿಟ್ಟೆ. ಆ ಕಾರನ್ನು ಕದಿಯಲು ಯಾವ ಕಳ್ಳ ಬರುತ್ತಿದ್ದನೋ.

ನನಗೆ ಕಸುಬು ಕಲಿಸಿದ್ದು ಅಪ್ಪ. ಅವರು ಅಕ್ಷರಕ್ಕಿಂತ ಮೊದಲು ಕಲಿಸಿದ ಪಾಠ ಒಂದೇ: ಹೊಸ ಬೀಗವನ್ನು ಬಾಗಿಲು ತೆರೆದಿರುವಾಗ ಹಾಕಿ, ತೆಗೆದು ನೋಡು. ಹತ್ತು ಸಲ ನೋಡು. ಆಮೇಲೆ ಬಾಗಿಲು ಮುಚ್ಚು. ಇಪ್ಪತ್ತೆಂಟು ವರ್ಷ ಆ ಮಾತು ಮೀರಿರಲಿಲ್ಲ.

ರನ್‌ವೇಗೆ ಹತ್ತು ದಿನ ಇದ್ದಾಗ, ಒಂದು ಗುರುವಾರ ಮಧ್ಯಾಹ್ನ ಎಲ್ಲ ಕೂರಿಸಿ ಮುಗಿಸಿದೆ. ಎರಡು ಕೊಕ್ಕೆಯನ್ನೂ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿದೆ, ಚೆನ್ನಾಗಿ ಕಚ್ಚಿದವು, ಚೆನ್ನಾಗಿ ಬಿಟ್ಟವು. ಕೇಬಲ್ಲಿನ ತುದಿಯನ್ನು ಕೊಕ್ಕೆಗೆ ಬಿಗಿಯುವ ಪುಟ್ಟ ಸ್ಕ್ರೂ ಮಾತ್ರ ಕೊನೆಯ ಸುತ್ತು ಬಾಕಿ. ಅಷ್ಟರಲ್ಲಿ ಮೇಲಿನ ಕಿಟಕಿಯಿಂದ ಬಿಸಿಲು ಇಳಿದು ಕಾರಿನ ಮೂಗಿನ ಮೇಲೆ ಬಿತ್ತು. ಚಿಲಕ, ಒಂದೇ ಸಲ ಮುಚ್ಚಿದರೆ ಹೇಗೆ ಕಾಣುತ್ತೆ ನೋಡೋಣವಾ ಎಂದು ಭಾವ ಮಕ್ಕಳು ಕೇಳುವ ಹಾಗೆ ಕೇಳಿದರು. ನನಗೂ ನೋಡಬೇಕಿತ್ತು. ಅವರು ಎರಡು ಬೆರಳಲ್ಲಿ ಬಾನೆಟ್ ಇಳಿಸಿದರು. ನಾನು ನಡುವೆ ಅಂಗೈ ಇಟ್ಟು, ನಿದ್ದೆ ಹೋದ ಕೂಸಿಗೆ ತಟ್ಟುವಷ್ಟು ಮೆಲ್ಲಗೆ ಒತ್ತಿದೆ. ಟಕ್ ಎಂದಿತು. ಎರಡು ಕೊಕ್ಕೆ, ಒಂದೇ ಸದ್ದು.

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಎರಡೂ ಒಂದೇ ಕ್ಷಣಕ್ಕೆ ಬಿದ್ದವಲ್ಲ, ಏನು ಕೆಲಸವೇ ನಿನ್ನದು ಎಂದರು ಭಾವ. ನಾನು ಹಿಗ್ಗಿದೆ. ಸಂದು ಸುತ್ತಲೂ ಒಂದೇ ಸಮ, ಇಸ್ಪೀಟಿನ ಎಲೆಯೊಂದು ತೂರುವಷ್ಟು. ಐದು ನಿಮಿಷ ನಾವು ಕಾರಿಗೆ ಸುತ್ತು ಹಾಕಿದೆವು. ಅಂಥ ಐದು ನಿಮಿಷ ನನ್ನ ಬದುಕಿನಲ್ಲಿ ಹೆಚ್ಚಿಲ್ಲ.

ಆಮೇಲೆ ಹೋಗಿ ಹಿಡಿ ಎಳೆದೆ. ಹಿಡಿ ಬಂತು. ಅದರ ಹಿಂದೆ ಕೇಬಲ್ಲೂ ಬಂತು. ಒಂದೂವರೆ ಮೀಟರ್ ತಂತಿ ಪೂರ್ತಿಯಾಗಿ ನನ್ನ ಮಡಿಲಿಗೆ ಬಂದು ಬಿತ್ತು.

ಕೊನೆಯ ಸುತ್ತು ಬಿಗಿಯದ ಆ ಸ್ಕ್ರೂ ಈಗ ಬಾನೆಟ್ಟಿನ ಒಳಗೆ, ನನ್ನದೇ ಉಕ್ಕಿನ ಪೆಟ್ಟಿಗೆಯ ಒಳಗೆ. ನಾಲ್ಕು ದಿನ ಒದ್ದಾಡಿದೆ. ತಂತಿಯನ್ನು ಮತ್ತೆ ತೂರಿಸಿದೆ, ಹೋಗಿ ಮುಟ್ಟುತ್ತಿತ್ತು, ಹಿಡಿಯಲು ಅಲ್ಲಿ ಏನೂ ಇರಲಿಲ್ಲ. ಕಾರಿನ ಕೆಳಗೆ ಮಲಗಿ ಕೈ ತೂರಿಸಿದೆ, ಮೊಣಕೈ ಎಂಜಿನ್ನಿಗೆ ಸಿಕ್ಕಿ ಚರ್ಮ ಸುಲಿಯಿತು. ಮುಂದಿನ ಜಾಲರಿಯಿಂದ ಬಗ್ಗಿಸಿದ ಕಡ್ಡಿ ಹಾಕಿದರೆ ನಾನೇ ಕಳ್ಳರಿಗೆಂದು ಕಟ್ಟಿದ ಗೋಡೆ ಅಡ್ಡ ಬಂತು. ಸಂದಿನಲ್ಲಿ ತೆಳುವಾದ ಬ್ಲೇಡು ಹಾಕಬಹುದಿತ್ತು. ಅಂಚಿಗೆ ಗೀರು ಬಿದ್ದೀತೆಂದು ಇಬ್ಬರಿಗೂ ಮನಸ್ಸು ಬರಲಿಲ್ಲ. ಮೂಲೆ ಹಿಡಿದು ಒಮ್ಮೆ ಜಗ್ಗಿ ನೋಡಲೂ ಇಲ್ಲ. ಈ ಊರಿನಲ್ಲಿ ಎಷ್ಟು ಬಾಗಿಲು ತೆಗೆದುಕೊಟ್ಟಿದ್ದೇನೆ, ಬಚ್ಚಲುಮನೆಯಲ್ಲಿ ಸಿಕ್ಕಿಕೊಂಡ ಅಜ್ಜಂದಿರು, ಬ್ಯಾಂಕಿನ ತಿಜೋರಿ, ಮದುವೆಯ ಹಿಂದಿನ ದಿನ ತೆರೆಯದ ಬೀರು. ನಾನೇ ಮಾಡಿದ ಬೀಗ ನನಗೇ ಬಗ್ಗಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅಂದರೆ ಇದೇ.

ಸೋಮವಾರ ಬೆಳಿಗ್ಗೆ ನಾನು ಭಾವನ ಎದುರು ನಿಂತು ಕಡ್ಡಿ ಮುರಿದ ಹಾಗೆ ಹೇಳಿದೆ. ತಪ್ಪು ನನ್ನದು, ಅಪ್ಪನ ಮಾತು ಮೀರಿದೆ. ಇನ್ನು ಉಳಿದಿರುವುದು ಒಂದೇ ದಾರಿ, ಪ್ರತಿ ಕೊಕ್ಕೆಯ ಬಾಲದ ನೇರಕ್ಕೆ ಮೇಲಿಂದ ಒಂದು ತೂತು ಹಾಕಿ, ಕಡ್ಡಿಯಿಂದ ಒತ್ತಿ ಬಿಡಿಸಬೇಕು. ಎರಡು ಕೊಕ್ಕೆ, ಎರಡು ತೂತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈ ಸಲ ದೊಣ್ಣೆ ನಾನಾಗಿದ್ದೆ.

ಭಾವ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಜೇಬಿನಿಂದ ಹತ್ತಿಬಟ್ಟೆ ತೆಗೆದು, ಬಾನೆಟ್ಟಿನ ಮೇಲಿಟ್ಟು, ಕಣ್ಣು ಮುಚ್ಚಿ ಈ ತುದಿಯಿಂದ ಆ ತುದಿಗೆ ಒಮ್ಮೆ ಸವರಿದರು. ಊರಿಗೆ ಹೊರಟವರನ್ನು ಬಾಗಿಲ ತನಕ ಕಳಿಸಿಕೊಡುತ್ತಾರಲ್ಲ, ಹಾಗಿತ್ತು. ಆಮೇಲೆ ನನ್ನ ಕಡೆ ತಿರುಗಿ, ಗುರುತು ಹಾಕು, ಸರಿಯಾದ ಜಾಗಕ್ಕೆ ಹಾಕು ಎಂದರು.

ನನ್ನ ನೋಟ್‌ಬುಕ್ಕಿನ ಅಳತೆಗಳನ್ನು ಮೂರು ಸಲ ಅಳೆದೆ. ಕಾಗದದ ಟೇಪು ಅಂಟಿಸಿ, ಎಡಗಡೆಯ ಕೊಕ್ಕೆಯ ನೇರಕ್ಕೆ ಒಂದು ಚುಕ್ಕೆ ಇಟ್ಟೆ. ಡ್ರಿಲ್ಲನ್ನು ಭಾವನಿಗೆ ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ. ಭುಜ ನಡುಗುತ್ತದೆ, ನೀನೇ ಹಾಕು ಅಂದರು. ಮನಸ್ಸು ನಡುಗುತ್ತದೆ ಎಂದು ಹೇಳುವ ಜನ ಅಲ್ಲ ಅವರು. ನಾನು ಡ್ರಿಲ್ಲು ಇಟ್ಟಾಗ ಅವರು ಪಕ್ಕದಲ್ಲೇ ಅಂಗೈ ಊರಿ ನಿಂತರು. ಬಿಳಿ ಸುರುಳಿ ಸುರುಳಿಯಾಗಿ ಅಲ್ಯೂಮಿನಿಯಂ ಮೇಲೆ ಬಂತು. ನನ್ನ ಕೈಗೆ ಗೊತ್ತಾಗುವ ಮೊದಲೇ ಅವರ ಅಂಗೈಗೆ ಗೊತ್ತಾಗಿ, ನಿಲ್ಲಿಸು, ದಾಟಿತು ಎಂದರು. ನಿಲ್ಲಿಸಿದೆ. ಪೆನ್ಸಿಲಿನಷ್ಟು ದಪ್ಪದ, ದುಂಡಗಿನ ತೂತು. ನಾನು ಹಾಕಿದ್ದರಲ್ಲೇ ಅಚ್ಚುಕಟ್ಟಾದದ್ದು, ನೋಡಲು ಮಾತ್ರ ಆಗಲಿಲ್ಲ.

ಕಡ್ಡಿ ತೂರಿಸಿ ಒತ್ತಿದೆ. ಕೊಕ್ಕೆ ಬಿಟ್ಟಿತು. ಸ್ಪ್ರಿಂಗು ಜಿಗಿದು ಎಡಮೂಲೆ ಮೇಲೆದ್ದಿತು. ಅದರ ಹಿಂದೆಯೇ, ನಾನಿನ್ನೂ ಮುಟ್ಟಿರದ ಬಲಮೂಲೆಯೂ ತಾನಾಗಿ ಎದ್ದು ನಿಂತಿತು.

ಮೊದಲು ನನಗೆ ಆದದ್ದು ಸಂತೋಷ. ಒಂದು ತೂತು ಉಳಿಯಿತು ಭಾವ ಅಂದೆ. ಆಮೇಲೆ ನನ್ನೊಳಗಿನ ಬೀಗದವಳು ಎಚ್ಚರಗೊಂಡಳು. ಬಿಡಿಸದೆ ಬಿಟ್ಟುಕೊಳ್ಳುವ ಕೊಕ್ಕೆ ಯಾವುದು? ಟಾರ್ಚು ತಂದು ಬಾನೆಟ್ಟಿನ ಒಳಮೈ ನೋಡಿದೆ. ಎಡಗಡೆಯ ಬಳೆಯ ಮೇಲೆ ಕೊಕ್ಕೆ ಕಚ್ಚಿದ ಗುರುತು ಅರ್ಧ ಬೆರಳಗಲ ಹೊಳೆಯುತ್ತಿತ್ತು. ಬಲಗಡೆಯದರ ತುದಿಯಲ್ಲಿ ಅಕ್ಕಿಕಾಳಿನಷ್ಟು ಒಂದು ಗೀರು, ಅಷ್ಟೇ. ಆ ಕೊಕ್ಕೆ ಒಳಗೆ ಬಿದ್ದೇ ಇರಲಿಲ್ಲ. ಬಳೆಯ ಅಂಚಿಗೆ ಮೂಗು ತಾಗಿಸಿಕೊಂಡು ನಿಂತಿತ್ತು, ಒಂದು ಅಲುಗಾಟಕ್ಕೆ ಜಾರುವಂತೆ. ಗುರುವಾರ ಎರಡು ಕೊಕ್ಕೆ ಒಂದೇ ಸದ್ದು ಮಾಡಿದವೆಂದು ಹಿಗ್ಗಿದೆವಲ್ಲ, ಸದ್ದು ಒಂದೇ ಬಂದದ್ದು ಬಿದ್ದದ್ದು ಒಂದೇ ಆದ್ದರಿಂದ.

ಯಾವ ಬಾನೆಟ್ಟನ್ನೇ ಆಗಲಿ ಧಡ್ ಎಂದು ಮುಚ್ಚಬೇಕು. ದಿನಕ್ಕೆ ನೂರು ಜನ ಹಾಗೆ ಮುಚ್ಚುತ್ತಾರೆ, ಕೊಕ್ಕೆಗಳು ಬೀಳುತ್ತವೆ. ನಾವಿಬ್ಬರು ಮಾತ್ರ ಅದರ ಚೆಂದಕ್ಕೆ ಸೋತು, ನೋವಾದೀತು ಎಂಬಂತೆ ಮುಚ್ಚಿದೆವು. ಆ ಸ್ಕ್ರೂ ಬಿಗಿಯಾಗಿದ್ದಿದ್ದರೆ ಹಿಡಿ ಎಳೆದಾಗ ಬಾನೆಟ್ ಸಲೀಸಾಗಿ ತೆರೆಯುತ್ತಿತ್ತು. ಹತ್ತು ದಿನವೂ ಅಷ್ಟೇ ಮೆಲ್ಲಗೆ ಮುಚ್ಚುತ್ತಿದ್ದೆವು, ಸಂದು ಸಮವಾಗಿದೆ ಎಂದು ಬೀಗುತ್ತಿದ್ದೆವು. ಭಾನುವಾರ ಅಕ್ಕ ಒಂದೇ ಕೊಕ್ಕೆಯ ಮೇಲೆ ಆ ರನ್‌ವೇಯಲ್ಲಿ ಹೋಗುತ್ತಿದ್ದಳು.

ಅಕ್ಕ ಆ ಹೊತ್ತಿಗೇ ಬಂದಳು. ಬೆಳಗಿನ ಪಾಳಿ ಮುಗಿಸಿ, ಯೂನಿಫಾರಂನಲ್ಲೇ, ಊಟದ ಡಬ್ಬಿ ಕೈಯಲ್ಲಿ. ನಾನು ಏನನ್ನೂ ಮುಚ್ಚಿಡದೆ ಬಳೆಯ ಮೇಲಿನ ಗೀರನ್ನೂ ತೋರಿಸಿ ಹೇಳಿದೆ. ಅವಳು ಬಗ್ಗಿ ನೋಡಿದಳು. ಅಷ್ಟು ವರ್ಷದ ಹಿಂದಿನ ಆ ಕಂಬ ಅವಳ ಕಣ್ಣೆದುರು ಬಂದಿರಬೇಕು. ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಕೂತಳು. ನಾನು ಹೇಳಿದ್ದೆನಲ್ಲ ಎಂಬ ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಬೀದಿಯ ಕೊನೆಯವರೆಗೂ ಕೇಳಿಸುತ್ತಿತ್ತು. ಅಂಥ ಹೆಂಗಸು ಅವಳು, ಇದನ್ನೂ ನಾನು ಜೀವಮಾನದಲ್ಲಿ ಅವಳೆದುರು ಹೇಳಿಲ್ಲ.

ಸುಮ್ಮನಿರಲಾರದೆ ನಾನೇ ಬಾಯಿ ಬಿಟ್ಟೆ. ತೂತು ಒಂದೇ ತಾನೆ, ಒಳ್ಳೆಯ ವೆಲ್ಡರ್ ಹಿಡಿದು ತುಂಬಿಸೋಣ, ಕೊಕ್ಕೆಗಳನ್ನು ನಾನು ಹೊಸದಾಗಿ ಮಾಡುತ್ತೇನೆ, ಈ ಸಲ ತಪ್ಪುವುದಿಲ್ಲ ಎಂದೆ. ಭಾವ ಬಾನೆಟ್ಟನ್ನು ಪೂರ್ತಿ ಎತ್ತಿ ಕಂಬಿ ಕೊಟ್ಟು ನಿಲ್ಲಿಸಿದರು. ಬಲಗಡೆಗೆ ಬಂದರು. ನಾನು ಎಡಗಡೆ ಅಳೆದದ್ದನ್ನು ನೋಟ್‌ಬುಕ್ಕಿನಲ್ಲಿ ನೋಡಿ, ಅದೇ ಅಳತೆಗೆ ಬಲಗಡೆ ಟೇಪು ಅಂಟಿಸಿ ಚುಕ್ಕೆ ಇಟ್ಟರು. ಡ್ರಿಲ್ಲನ್ನು ಎಡಗೈಯಲ್ಲಿ ಎತ್ತಿಕೊಂಡು, ಬಲಗೈಯನ್ನು ಅದರ ಬೆನ್ನಿಗೆ ಒತ್ತಿದರು. ನೋವಿಗೆ ಹಲ್ಲು ಕಚ್ಚಿದ್ದು ಕಾಣಿಸಿತು.

"ಭಾವ, ಅದು ಬೇಕಾಗಿಲ್ಲ. ಅದು ತೆರೆದೇ ಇದೆ," ಅಂದೆ.

"ಒಂದೇ ಗೂಟ ಹಾಕಿದ್ರೆ ಆಗುತ್ತಾ?" ಅಂದರು. ಆಮೇಲೆ, ನನಗಲ್ಲ, ಅಕ್ಕನಿಗೆ, ಮುಖ ತಿರುಗಿಸದೆ ಹೇಳಿದರು. "ಕಾಣ್ಬೇಕು ಅಂದಿದ್ದೆ ನೀನು. ಒಂದೇ ಒಂದು ಕೇಳಿದ್ದೆ. ನಂಗೆ ಈ ತಗಡೇ ದೊಡ್ಡದಾಗೋಯ್ತು."

ಡ್ರಿಲ್ಲು ಶುರುವಾಯಿತು. ಅಕ್ಕ ಎದ್ದು ಹೋಗಿ ಅವರ ಬಲ ಮೊಣಕೈಯ ಕೆಳಗೆ ತನ್ನ ಅಂಗೈ ಕೊಟ್ಟು ಭಾರ ಹೊತ್ತುಕೊಂಡಳು. ಹದಿನಾಲ್ಕು ತಿಂಗಳಲ್ಲಿ ಒಂದು ಗೀರೂ ಬೀಳದ ಹಾಗೆ ಕಾದ ತಗಡಿಗೆ ಅವರೇ, ಅವರ ಕೈಯಾರೆ, ಬೇಕಾಗಿರದ ಎರಡನೇ ತೂತು ಹಾಕಿದರು. ನಾನು ಗೋಡೆ ಕಡೆ ತಿರುಗಿ ಮೂಗು ಒರೆಸಿಕೊಂಡೆ. ಆ ದಿನ ಧೂಳಿನ ಮೇಲೆ ಹಾಕಲಿಲ್ಲ.

ಉಳಿದ ದಿನಗಳಲ್ಲಿ ನಾನು ಎರಡು ಗೂಟ ಕಡೆದೆ. ತಲೆ ದುಂಡಗೆ, ಕುತ್ತಿಗೆಯಲ್ಲಿ ಕ್ಲಿಪ್ಪಿಗೆ ತೂತು, ಕ್ಲಿಪ್ಪು ಕಳೆಯದಂತೆ ಸಣ್ಣ ಸರಪಳಿ. ಒಳಗಿನ ಕೊಕ್ಕೆಗಳನ್ನೂ ಇಟ್ಟೆ, ಬಾಲವನ್ನು ಪಕ್ಕಕ್ಕೆ ಬಗ್ಗಿಸಿ ಗೂಟಗಳಿಗೆ ಜಾಗ ಮಾಡಿದೆ. ಉಕ್ಕಿನ ಪೆಟ್ಟಿಗೆಯನ್ನು ಕಿತ್ತೆಸೆದೆ. ಕದಿಯುವವನು ಕದಿಯಲಿ. ಬಾನೆಟ್ ತೆರೆದಿಟ್ಟುಕೊಂಡೇ ಹಿಡಿಯನ್ನು ಹತ್ತು ಸಲ ಎಳೆದು ನೋಡಿದೆ, ಹನ್ನೊಂದನೆಯದು ಅಪ್ಪನಿಗೆ. ಭಾವ ತೂತುಗಳ ಸುತ್ತ ಗುಂಡಿಯಷ್ಟು ಅಗಲದ ಎರಡು ಬಿಲ್ಲೆಗಳನ್ನು ಅರದಿಂದ ಉಜ್ಜಿ ಕೂರಿಸಿದರು. ಸುತ್ತಿಗೆ ಮುಟ್ಟಲಿಲ್ಲ, ಒಪ್ಪಂದ ಒಪ್ಪಂದವೇ.

ಭಾನುವಾರ ರನ್‌ವೇಯಲ್ಲಿ ಜನ ಮುತ್ತಿಕೊಂಡರು. ಬಂದವರೆಲ್ಲ ಬಾನೆಟ್ಟಿನ ಮೇಲೆ ಕೈಯಾಡಿಸುವವರೇ. ಬಿಳಿ ಮೀಸೆಯ ಒಬ್ಬರು ಮೂರು ಸುತ್ತು ಬಂದು, ಇಂಥ ತಗಡಿಗೆ ತೂತು ಹಾಕಲು ನಿಮಗೆ ಮನಸ್ಸಾದರೂ ಹೇಗೆ ಬಂತು ಮೇಸ್ತ್ರಿ ಎಂದು ಕೇಳಿದರು. ಓಡಿಸುವವಳು ಮನೆಯವಳು ಎಂದಷ್ಟೇ ಹೇಳಿದರು ಭಾವ.

ಅಕ್ಕ ಹೆಲ್ಮೆಟ್ ಹಾಕಿ ಸೀಟಿನಲ್ಲಿ ಕೂತಳು. ಭಾವ ಬಾನೆಟ್ ಹಿಡಿದು, ಒಂದು ಮೊಳ ಮೇಲ್ಗಡೆಯಿಂದ, ನೋಡುವವರು ಅಯ್ಯೋ ಅನ್ನುವ ಹಾಗೆ ಧಡ್ ಎಂದು ಬಿಟ್ಟರು. ಈ ಸಲ ನಾನು ಕಿವಿಗೊಟ್ಟು ಎಣಿಸಿದೆ, ಎರಡು ಸದ್ದು. ಎಡಗಡೆಯ ಕ್ಲಿಪ್ಪು ನಾನು ಹಾಕಿದೆ, ಬಲಗಡೆಯದು ಅವರು. ಆಮೇಲೆ ಪಕ್ಕಕ್ಕೆ ಸರಿದು, ಎಂಜಿನ್ನಿನ ಗದ್ದಲದ ಮೇಲೆ ಕೇಳುವಷ್ಟು ದನಿಯೆತ್ತಿ ಅಕ್ಕನನ್ನು ಕೇಳಿದರು.

"ಕಾಣ್ತಾ ಇದೆಯಾ?"

ಅಕ್ಕ ಗಾಜಿನಾಚೆ ಎಡಕ್ಕೊಮ್ಮೆ ನೋಡಿದಳು, ಬಲಕ್ಕೊಮ್ಮೆ ನೋಡಿದಳು. ಬಲಗಡೆಯದರ ಮೇಲೆ ಸ್ವಲ್ಪ ಹೊತ್ತು ಕಣ್ಣು ನಿಂತಿತು.

"ಎರಡೂ ಕಾಣ್ತಾ ಇದೆ ರೀ," ಎಂದು ಗೇರು ಹಾಕಿದಳು.